ಐಸ್ ಇಲ್ಲದ ದೋಣಿ: ‘ಡ್ರೆಜ್’ ಗೇಮ್ ಹೇಗಿದೆ?

‘ಡ್ರೆಜ್’ ತಗೊಳ್ಳಿ ಅಂತ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೀನು ಹಿಡಿಯುವ ಗೇಮ್‌ಗಳು ಬೇಕಾದಷ್ಟಿವೆ. ಮೀನುಗಾರಿಕೆಯ ಲೆಕ್ಕಾಚಾರ ಅರ್ಥ ಮಾಡಿಕೊಂಡದ್ದು ನಾನು ಆಡಿದವುಗಳಲ್ಲಿ ಇದೊಂದೇ. ಇದರಲ್ಲಿ ದೈತ್ಯ ಮೀನಿದೆ, ಮಂಜಿನಲ್ಲಿ ದಿಢೀರ್ ಅಂತ ಎದ್ದು ನಿಲ್ಲುವ ಬಂಡೆಗಳಿವೆ, ಕಣ್ಣು ಕೆಂಪಾದ ಮುದುಕರಿದ್ದಾರೆ. ಹೊಗಳುವವರೆಲ್ಲ ಅದನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಮೂರು ಪ್ರಶ್ನೆ. ದೋಣಿಯಲ್ಲಿ ಇನ್ನೆಷ್ಟು ಜಾಗ ಇದೆ? ಸಾಲ ಎಷ್ಟು ಬಾಕಿ ಇದೆ? ಕತ್ತಲಾಗುವ ಮೊದಲು ದಕ್ಕೆ, ಅಂದರೆ ದೋಣಿ ಕಟ್ಟುವ ಕಟ್ಟೆ, ಮುಟ್ಟಬಹುದಾ? ಮಲ್ಪೆಯಲ್ಲಿ ಬೆಳೆದವನಿಗೆ ಈ ಮೂರೂ ಹೊಸತಲ್ಲ. ಬಂದರಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಮೂರೂ ಕಿವಿಗೆ ಬೀಳುತ್ತವೆ.

ಇದನ್ನು ಮಾಡಿದ್ದು ಬ್ಲ್ಯಾಕ್ ಸಾಲ್ಟ್ ಗೇಮ್ಸ್, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನವರು. ನಾಲ್ಕು ಜನ ಸೇರಿ ಶುರು ಮಾಡಿದ ಸ್ಟುಡಿಯೋ, ಅವರ ಮೊದಲ ಗೇಮ್. ಟೀಮ್ 17 ಪ್ರಕಟಿಸಿತು. 2023ರ ಮಾರ್ಚ್ 30ರಂದು ಪಿಸಿ, ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲದಕ್ಕೂ ಒಟ್ಟಿಗೆ ಬಂತು. ಅದೇ ವರ್ಷ ಹತ್ತು ಲಕ್ಷ ಪ್ರತಿ ದಾಟಿತು. 2025ರಲ್ಲಿ ಮೊಬೈಲ್‌ಗೂ ಬಂದಿದೆ. ನೂರಾರು ಜನ, ನೂರಾರು ಕೋಟಿ ಹಾಕಿ ಮಾಡಿದ ಗೇಮ್‌ಗಳನ್ನು ನಾನೂ ಆಡುತ್ತೇನೆ, ಅವುಗಳ ಬಗ್ಗೆ ಬರೆದು ನಾಲ್ಕು ಕಾಸೂ ಸಂಪಾದಿಸುತ್ತೇನೆ. ಆದರೆ ಅವುಗಳಲ್ಲಿ ಮೀನು ಹಿಡಿಯುವುದು, ಅಡುಗೆ ಮಾಡುವುದು, ಇಸ್ಪೀಟ್ ಆಡುವುದು, ಕುದುರೆ ತೊಳೆಯುವುದು ಎಲ್ಲವೂ ಇರುತ್ತದೆ, ಯಾವುದೂ ಪೂರ್ತಿ ಇರುವುದಿಲ್ಲ. ನಾಲ್ಕು ಜನರಿಗೆ ಆ ಐಷಾರಾಮ ಇಲ್ಲ. ಒಂದೇ ದೋಣಿ, ಒಂದೇ ಕಡಲು. ಅದನ್ನೇ ತಿಕ್ಕಿ ತಿಕ್ಕಿ ಹೊಳಪು ತರಬೇಕು. ದೊಡ್ಡ ಕಂಪನಿಯ ಹಂಗಿಲ್ಲದೆ ಸಣ್ಣ ತಂಡಗಳು ಮಾಡುವ ಇಂಡೀ ಗೇಮ್‌ಗಳ ಹುಚ್ಚು ನನಗೆ ಹಿಡಿದದ್ದೇ ಈ ಕಾರಣಕ್ಕೆ.

ಕಥೆ ಸರಳ. ನೀವೊಬ್ಬ ಮೀನುಗಾರ. ಗ್ರೇಟರ್ ಮ್ಯಾರೋ ಎಂಬ ಊರಿಗೆ ಮೀನುಗಾರ ಬೇಕಾಗಿದ್ದಾನೆ ಎಂಬ ಜಾಹೀರಾತು ನೋಡಿ ಹೊರಡುತ್ತೀರಿ. ದಡ ಮುಟ್ಟುವ ಮೊದಲೇ ಬಂಡೆಗೆ ಬಡಿದು ದೋಣಿ ಹೋಗುತ್ತದೆ. ಊರಿನ ಮೇಯರ್ ಬೇರೆ ದೋಣಿ ಕೊಡುತ್ತಾನೆ. ಪುಕ್ಕಟೆ ಅಲ್ಲ ಮಾರಾಯ್ರೆ, ಸಾಲ. ಮೀನು ಮಾರಿದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೇ ಮುರಿಯುತ್ತಾರೆ. ಬೇರೆ ಗೇಮ್‌ಗಳು ನಾಯಕನ ಕೈಗೆ ಕತ್ತಿ ಕೊಟ್ಟು ಶುರುವಾಗುತ್ತವೆ. ಇದು ಸಾಲದ ಚೀಟಿ ಕೊಟ್ಟು ಶುರುವಾಗುತ್ತದೆ. ಆ ಒಂದು ಆಯ್ಕೆಗೇ ನಾನು ಅರ್ಧ ಮಾರ್ಕ್ ಜಾಸ್ತಿ ಕೊಡುತ್ತೇನೆ.

ಇನ್ನು ಆಟದ ಮುಖ್ಯ ಭಾಗ: ದೋಣಿಯ ಹೊಟ್ಟೆ. ಅದನ್ನು ಚೌಕ ಚೌಕ ಮನೆಗಳಾಗಿ ತೋರಿಸುತ್ತಾರೆ. ಪ್ರತಿ ಮೀನಿಗೂ ಅದರದ್ದೇ ಆಕಾರ. ಸಣ್ಣ ಬಂಗುಡೆ ಯಾವ ಸಂದಿಯಲ್ಲೂ ಕೂರುತ್ತದೆ. ಹಾವು ಮೀನು ಸೊಟ್ಟಗೆ ಬಾಗಿಕೊಂಡು ಬರುತ್ತದೆ. ತೊರಕೆ ಅಗಲಕ್ಕೆ ಹರಡಿ ಎಲ್ಲರ ಜಾಗವನ್ನೂ ತಿನ್ನುತ್ತದೆ. ಕೊಡಲಿ ತಲೆಯ ತಾಟೆ (ಶಾರ್ಕ್) ಸಿಕ್ಕಿತೋ, ಮೊದಲು ಖುಷಿ, ಮರುಕ್ಷಣ ತಲೆಬಿಸಿ. ತಿರುಗಿಸಬೇಕು, ಸರಿಸಬೇಕು, ಯಾವುದನ್ನಾದರೂ ನೀರಿಗೆ ಎಸೆಯಬೇಕು. ಗಾಳ, ಎಂಜಿನ್, ದೀಪ, ಬಲೆ ಇವೂ ಅದೇ ಚೌಕಗಳಲ್ಲೇ ಕೂರಬೇಕು. ಬಂಡೆಗೆ ತಾಗಿದರೆ ಒಂದು ಚೌಕ ಒಡೆಯುತ್ತದೆ, ಅಲ್ಲಿದ್ದ ಮೀನು ಕಡಲಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಸಲ ದಕ್ಕೆ ಬಿಡುವಾಗಲೂ ಒಂದು ಸಣ್ಣ ವಾದ ತಲೆಯಲ್ಲಿ ನಡೆಯುತ್ತದೆ. ದೂರ ಹೋಗಲಾ, ಹತ್ತಿರದಲ್ಲೇ ತುಂಬಿಸಿಕೊಂಡು ಬರಲಾ?

ಮೀನು ಹಿಡಿಯುವ ಕ್ರಮವೂ ಚೆನ್ನಾಗಿದೆ. ನೀರು ಕುದಿಯುವ ಹಾಗೆ ಗುಳ್ಳೆ ಏಳುವ ಜಾಗದಲ್ಲಿ ದೋಣಿ ನಿಲ್ಲಿಸಬೇಕು. ಒಂದು ಚಕ್ರ ಬರುತ್ತದೆ, ಮುಳ್ಳು ಹಸಿರು ಜಾಗಕ್ಕೆ ಬಂದಾಗ ಒತ್ತಬೇಕು. ತಪ್ಪಿದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಹೊತ್ತು ಹೋಗುತ್ತದೆ, ಅಷ್ಟೇ. ಈ ‘ಅಷ್ಟೇ’ಯಲ್ಲೇ ಎಲ್ಲ ಇದೆ. ಯಾಕೆಂದರೆ ಈ ಗೇಮ್‌ನಲ್ಲಿ ದೋಣಿ ನಿಂತಿದ್ದರೆ ಗಡಿಯಾರವೂ ನಿಂತಿರುತ್ತದೆ. ದೋಣಿ ಓಡಿದರೆ, ಮೀನು ಎಳೆದರೆ, ಮುಳುಗಿದ ಹಡಗಿನಿಂದ ಮರ, ತಗಡು, ಬಟ್ಟೆ ಎತ್ತಿದರೆ ಮಾತ್ರ ಹೊತ್ತು ಸರಿಯುತ್ತದೆ. ಮೀನು ಹಳತಾಗುವುದೂ ಅದೇ ಲೆಕ್ಕದಲ್ಲಿ. ತಾಜಾ ಇದ್ದಾಗ ಒಂದು ರೇಟು, ಬಾಡಿದರೆ ಇನ್ನೊಂದು, ಕೊಳೆತರೆ ಕೇಳುವವರಿಲ್ಲ. ಯೋಚಿಸಲು ಎಷ್ಟು ಬೇಕಾದರೂ ಪುರಸೊತ್ತು ಇದೆ, ಕೆಲಸ ಮಾಡಲು ಇಲ್ಲ.

ನನ್ನ ಮಾವ ಹಿಂದೆ ಟ್ರಾಲ್ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟ್ ನಡೆಸುವ ಮುಖ್ಯಸ್ಥ. ಈಗ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ. ನಾನು ಲ್ಯಾಪ್‌ಟಾಪ್ ಹಿಡಿದು ಕೂತರೆ ಸಾಮಾನ್ಯವಾಗಿ ಆ ಕಡೆ ತಲೆ ಹಾಕುವುದಿಲ್ಲ. ಗುಂಡು ಹೊಡೆಯುವ ಗೇಮ್ ಅವರ ಮಟ್ಟಿಗೆ ಬರೀ ಗಲಾಟೆ. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಎಂಜಿನ್ ಸದ್ದು ಕೇಳಿ ಕುರ್ಚಿ ಎಳೆದುಕೊಂಡು ಬಂದು ಕೂತರು. ದೋಣಿಯ ಒಳಗಿನ ಚೌಕಗಳನ್ನು ನೋಡಿದರು. ಒಂದು ಚಪ್ಪಟೆ ಮೀನಿನ ಮೇಲೆ ಬೆರಳಿಟ್ಟು, “ಇದು ನಂಗ್ ಅಲ್ವಾ?” ಎಂದರು. ಗೇಮ್ ಅದನ್ನು ಗಲ್ಫ್ ಫ್ಲೌಂಡರ್ ಅನ್ನುತ್ತದೆ. ನಮ್ಮ ಕಡೆ ಎಣ್ಣೆಯಲ್ಲಿ ಕಾಯಿಸುವ ನಂಗಿಗೆ ದೂರದ ನೆಂಟ ಅನ್ನಬಹುದು. ಆಮೇಲೆ ಬೆರಳು ಇಡೀ ಚೌಕಗಳ ಮೇಲೆ ಓಡಾಡಿತು, ಏನನ್ನೋ ಹುಡುಕುವ ಹಾಗೆ. “ಐಸ್ ಓಲುಂಡು?” ಎಂದು ತುಳುವಿನಲ್ಲಿ ಕೇಳಿದರು, ಐಸ್ ಎಲ್ಲಿದೆ ಅಂತ.

ಈ ದೋಣಿಯಲ್ಲಿ ಐಸ್ ಇಲ್ಲ ಮಾವ, ಬೇಗ ಮಾರಬೇಕು, ಇಲ್ಲದಿದ್ದರೆ ಕೊಳೆಯುತ್ತದೆ ಎಂದೆ. “ಹಾಗಾದರೆ ಇವ ಕಡಲಿಗೆ ಹೋಗುವವ ಅಲ್ಲ, ಹೊಳೆಗೆ ಹೋಗುವವ” ಎಂದರು. ಆದರೆ ಎದ್ದು ಹೋಗಲಿಲ್ಲ. ತೊರಕೆಯನ್ನು ಮೂಲೆಗೆ ತಳ್ಳು, ಬಂಗುಡೆ ಸಂದಿಗೆ ಹಾಕು, ಆ ಹಳೇ ಕಬ್ಬಿಣ ಯಾಕೆ ಹೊತ್ತುಕೊಂಡಿದ್ದಿ, ಹೀಗೆ ಹಿಂದಿನಿಂದ ಹುಕುಂ ಬರುತ್ತಲೇ ಇತ್ತು. ಕತ್ತಲಾಗಿ ಏನೋ ದೊಡ್ಡದು ನೀರಿನಿಂದ ಎದ್ದು ದೋಣಿಯನ್ನು ಕಚ್ಚಿದಾಗ ಅವರಿಗೆ ನಗು. ದಕ್ಕೆಗೆ ಬಂದು ಮಾರಾಟದ ಪರದೆ ತೆರೆದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡು, ಒಂದೊಂದು ಮೀನಿನ ರೇಟನ್ನೂ ಬಾಯಲ್ಲೇ ಕೂಡಿಸಿದರು. ಈ ಗೇಮ್‌ಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ರಾತ್ರಿಯ ವಿಷಯಕ್ಕೆ ಬರೋಣ. ಕತ್ತಲಾದ ಮೇಲೂ ಕಡಲಲ್ಲಿದ್ದರೆ ಪರದೆಯ ಮೇಲ್ಭಾಗದಲ್ಲಿ ಒಂದು ಕಣ್ಣು ತೆರೆದುಕೊಳ್ಳುತ್ತದೆ. ಗಾಬರಿ ಜಾಸ್ತಿಯಾದಷ್ಟೂ ಅದು ಅತ್ತಿತ್ತ ಹೊರಳಾಡುತ್ತದೆ. ಹಗಲು ಇಲ್ಲದ ಬಂಡೆ ಈಗ ಎದುರಿಗಿದೆ. ಹಕ್ಕಿಗಳು ಬಂದು ದೋಣಿಯಿಂದ ಮೀನು ಎತ್ತಿಕೊಂಡು ಹೋಗುತ್ತವೆ. ದೂರದಲ್ಲಿ ಬೇರೆ ಬೋಟಿನ ದೀಪ ಕಂಡ ಹಾಗಾಗುತ್ತದೆ, ಹತ್ತಿರ ಹೋದರೆ ಅದು ಬೋಟ್ ಆಗಿರುವುದಿಲ್ಲ. ದಕ್ಕೆಗೆ ಬಂದು ಮಲಗಿದರೆ ಎಲ್ಲ ಶಾಂತ. ಹಾಗಾದರೆ ರಾತ್ರಿ ಹೋಗುವುದು ಯಾಕೆ? ದುಡ್ಡಿಗೆ. ಕೆಲವು ಜಾತಿಯ ಮೀನು ರಾತ್ರಿ ಮಾತ್ರ ಸಿಗುತ್ತದೆ. ಜೊತೆಗೆ ಮೂರು ತಲೆಯ ಕಾಡ್ ಮೀನಿನಂಥ ವಿಕಾರ ಮೀನುಗಳು ಬೀಳುವ ಸಾಧ್ಯತೆಯೂ ಆಗ ಜಾಸ್ತಿ. ಅವುಗಳಿಗೆ ಒಳ್ಳೆಯ ರೇಟು. ಅಂಥದ್ದನ್ನು ಯಾರು ತಿನ್ನುತ್ತಾರೆ ಎಂದು ಆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಂದು ಜಾಗ, ಇನ್ನೊಂದೇ ಮೀನು, ಆಮೇಲೆ ಹೋಗೋಣ ಅಂದುಕೊಳ್ಳುತ್ತಲೇ ಸೂರ್ಯ ಮುಳುಗಿಬಿಡುತ್ತಾನೆ. ಹೆದರಿಸುವ ಗೇಮ್‌ಗಳು ಸಾಮಾನ್ಯವಾಗಿ ನಮ್ಮನ್ನು ಕತ್ತಲೆಗೆ ದಬ್ಬುತ್ತವೆ. ಇಲ್ಲಿ ನಮ್ಮ ಆಸೆಯೇ ಕರೆದುಕೊಂಡು ಹೋಗುತ್ತದೆ.

ಮಲ್ಪೆಯಲ್ಲಿ ಕಡಲಿನ ಭಯಕ್ಕೆ ಹಲ್ಲು, ಕೊಂಬು ಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರ ಜೊತೆ ನಾಪತ್ತೆಯಾಯಿತು. ನೌಕಾಪಡೆಗೆ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಿನಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಊರು ಹೇಗಿತ್ತು ಅನ್ನುವುದು ಇಲ್ಲಿದ್ದವರಿಗೆ ಗೊತ್ತು. ‘ಡ್ರೆಜ್’ನಲ್ಲಿ ನಿಮಗಿಂತ ಮೊದಲು ಆ ಊರಿನಲ್ಲೊಬ್ಬ ಮೀನುಗಾರ ಇದ್ದ. ಅವನೇನಾದ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಲೈಟ್‌ಹೌಸ್ ಕಾಯುವ ಹೆಂಗಸು ಮಾತ್ರ ಸ್ವಲ್ಪ ಬಾಯಿ ಬಿಡುತ್ತಾಳೆ. ನನ್ನ ಬೆನ್ನು ತಣ್ಣಗಾದದ್ದು ಆ ಮಾತುಕತೆಗಳಲ್ಲೇ ಹೊರತು ದೈತ್ಯ ಮೀನುಗಳಿಂದಲ್ಲ. ಪಾತ್ರಗಳಿಗೆ ದನಿ ಇಲ್ಲ, ಬರೀ ಅಕ್ಷರ, ಒಂದು ಮುಖದ ಚಿತ್ರ. ಆ ಚಿತ್ರಗಳನ್ನು ಬಿಡಿಸಿದವರ ಕೈಗೆ ನಮಸ್ಕಾರ. ಅಗಲ ಕುಂಚದ ಗೀರು, ಮಂಕು ಬಣ್ಣ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

ಈಗ ತಕರಾರು. ಮೊದಲನೆಯದು ದೊಡ್ಡದು: ಭಯ ಸವೆಯುತ್ತದೆ. ಒಳ್ಳೆಯ ಎಂಜಿನ್ ಹಾಕಿಸಿಕೊಂಡು, ದೋಣಿಗೆ ವೇಗ ಕೊಡುವ ಮಂತ್ರಶಕ್ತಿಯೂ ಸಿಕ್ಕಿದ ಮೇಲೆ ಯಾವ ರಾಕ್ಷಸನೂ ನಿಮ್ಮನ್ನು ಹಿಡಿಯುವುದು ಕಷ್ಟ. ಮುಳುಗಿದರೂ ಕೊನೆಯ ಸಲ ದಕ್ಕೆಯಲ್ಲಿ ಸೇವ್ ಆದಲ್ಲಿಂದ ಮತ್ತೆ ಶುರು. ಅರ್ಧದ ನಂತರ ನಾನು ರಾತ್ರಿ ಕಡಲಿಗೆ ಹೋಗುತ್ತಿದ್ದದ್ದು ಸಿಟಿ ಬಸ್ಸಿಗೆ ಹೋಗುವ ಧೈರ್ಯದಲ್ಲಿ. ಕಥೆಯ ಓಟವೂ ಆಗ ಒಂದೇ ತಾಳಕ್ಕೆ ಬೀಳುತ್ತದೆ. ಒಂದು ಒಂಟಿ ದ್ವೀಪದಲ್ಲಿ ಹಳೆಯ ವಸ್ತುಗಳನ್ನು ಕೂಡಿಡುವವನೊಬ್ಬ ಇದ್ದಾನೆ. ಕಡಲಡಿಯಿಂದ ಇಂಥದ್ದು ತೆಗೆದುಕೊಂಡು ಬಾ ಎನ್ನುತ್ತಾನೆ. ತರುತ್ತೀರಿ. ಮುಂದಿನದು ಹೇಳುತ್ತಾನೆ. ಪ್ರತಿಯೊಂದೂ ಬೇರೆ ಬೇರೆ ಪ್ರದೇಶದಲ್ಲಿ ಇರುವುದರಿಂದ ಬೇಜಾರು ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಎತ್ತರದ ಬಂಡೆಗಳ ಗೇಲ್ ಕ್ಲಿಫ್ಸ್ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಟ್ವಿಸ್ಟೆಡ್ ಸ್ಟ್ರಾಂಡ್ ಚೆನ್ನಾಗಿವೆ. ಜ್ವಾಲಾಮುಖಿಯ ಡೆವಿಲ್ಸ್ ಸ್ಪೈನ್ ನನಗೆ ಅಷ್ಟು ಹಿಡಿಸಲಿಲ್ಲ. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಜ್ವಾಲಾಮುಖಿಯವೇ, ಅವನ್ನು ನೋಡಿ ಬೆಳೆದ ಸೊಕ್ಕು ಇರಬಹುದು.

ಎರಡನೆಯ ತಕರಾರು ಊರಿನವನದ್ದು. ಈ ಕಡಲಿಗೆ ರಜೆ ಇಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಬಂದರು ತುಂಬ ಬೋಟ್‌ಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ಬಲೆ ನೇಯುವವರು ನೇಯುತ್ತಾರೆ, ಕಡಲಿನ ಮೂಡ್ ನೋಡಿ ನಾಡದೋಣಿಯವರು ಮಾತ್ರ ಹೋಗಿಬರುತ್ತಾರೆ. ‘ಡ್ರೆಜ್’ನಲ್ಲಿ ಒಂದು ಜಾಗದ ಮೀನು ಬಳಿದು ಖಾಲಿ ಮಾಡಿದರೆ ಕೆಲವು ದಿನ ಬಿಟ್ಟು ಅದು ತಾನಾಗಿ ತುಂಬುತ್ತದೆ. ಅಲ್ಲಿಗೆ ಮುಗಿಯಿತು. ಮುಳುಗಿದ್ದನ್ನೆಲ್ಲ ಕೆದಕಿದರೆ ಕೇಡು ಎಂದು ಹೇಳುವ ಕಥೆಯಲ್ಲಿ ಮೀನಿನ ಮಟ್ಟಿಗೆ ಆ ಕೇಡು ಇಲ್ಲವೇ ಇಲ್ಲ. ಟ್ರಾಲ್ ಬಲೆ ಕೊಂಡರೆ ದೋಣಿ ಓಡುತ್ತಿದ್ದ ಹಾಗೆಯೇ ಮೀನು ತಾನೇ ಬೀಳುತ್ತದೆ. ಬಲೆ ಸವೆಯುತ್ತದೆ, ಕಡಲು ಸವೆಯುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವ ಗೇಮ್ ಇದೊಂದು ಲೆಕ್ಕ ಬಿಟ್ಟಿದ್ದು ನನಗೆ ಸರಿ ಕಾಣಲಿಲ್ಲ.

ರೇಟಿನ ಕಥೆಯೂ ಹಾಗೇ. ಎಲ್ಲ ಬೋಟಿಗೂ ಒಂದೇ ದಿನ ಬಂಗುಡೆ ಬಿದ್ದರೆ ಮಲ್ಪೆಯಲ್ಲಿ ರೇಟು ನೆಲ ಕಚ್ಚುತ್ತದೆ. ಇಲ್ಲಿ ಎಷ್ಟು ತಂದು ಸುರಿದರೂ ಅದೇ ರೇಟು. ಚೌಕಾಸಿ ಮಾಡುವವರು ಒಬ್ಬರೂ ಇಲ್ಲ. ಉಡುಪಿ ಮೀನು ಮಾರ್ಕೆಟ್ಟಿನ ಒಬ್ಬ ಹೆಂಗಸನ್ನು ಗ್ರೇಟರ್ ಮ್ಯಾರೋಗೆ ಕಳಿಸಿದ್ದರೆ ಮೇಯರ್‌ನ ಸಾಲ ಮೊದಲ ದಿನವೇ ತೀರುತ್ತಿತ್ತು, ಮೇಯರನೇ ಸಾಲಗಾರನಾಗುತ್ತಿದ್ದ.

ಹೀಗಂದರೂ ಬೇರೆ ಮೀನಿನ ಗೇಮ್‌ಗಳ ಪಕ್ಕ ಇಟ್ಟರೆ ಇದೇ ಮೇಲು. ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ಮೀನು ಹಿಡಿಯುವುದು ಬೆರಳಿನ ಚುರುಕಿನ ಆಟ. ಎರಿಕ್ ಬರೋನ್ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಗೇಮ್ ಅದು, ನನಗೆ ಪ್ರಾಣ, ಆದರೆ ಅಲ್ಲಿ ಮೀನು ಬೇಸಾಯದ ನಡುವಿನ ಬಿಡುವು. ‘ಡೇವ್ ದಿ ಡೈವರ್’ ಭಾರೀ ಮಜಾ ಇದೆ, ಹಗಲು ಮುಳುಗಿ ಮೀನು ಹಿಡಿಯಬೇಕು, ರಾತ್ರಿ ಸುಶಿ ಹೋಟೆಲ್ ನಡೆಸಬೇಕು. ಅದನ್ನು 2023ರ ಗೇಮ್ ಅವಾರ್ಡ್ಸ್‌ನಲ್ಲಿ ‘ಡ್ರೆಜ್’ ಜೊತೆಗೇ ಇಂಡೀ ವಿಭಾಗಕ್ಕೆ ಸೇರಿಸಿದ್ದರು. ಮಾಡಿದ ಮಿಂಟ್‌ರಾಕೆಟ್ ಕೊರಿಯಾದ ದೊಡ್ಡ ಕಂಪನಿ ನೆಕ್ಸಾನ್‌ನ ಕೈಕೆಳಗಿನದ್ದು. ನೆಕ್ಸಾನ್ ಇಂಡೀ ಆದರೆ ದೈತ್ಯ ಬಲೆ ಬೀಸುವ ಪರ್ಸೀನ್ ಬೋಟ್ ನಾಡದೋಣಿ! ಪ್ರಶಸ್ತಿ ಕೊನೆಗೆ ಇಬ್ಬರಿಗೂ ಸಿಗದೆ ‘ಸೀ ಆಫ್ ಸ್ಟಾರ್ಸ್’ಗೆ ಹೋಯಿತು. ಜಗಳ ನಮಗೆ, ಅವರಿಗಿಲ್ಲ. ಅದೇ ಡಿಸೆಂಬರ್‌ನಲ್ಲಿ ಡೇವ್‌ನ ಕಡಲಿಗೆ ‘ಡ್ರೆಜ್’ನ ಮಂಜು, ವಿಕಾರ ಮೀನುಗಳು ಪುಕ್ಕಟೆ ಡಿಎಲ್‌ಸಿಯಾಗಿ, ಅಂದರೆ ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗವಾಗಿ, ಬಂದವು.

ಒಬ್ಬರೇ ಆಡಿ ಬೇಜಾರಾಗುವವರಿಗೆ ‘ವೆಬ್‌ಫಿಶಿಂಗ್’ ಇದೆ. 2024ರ ಅಕ್ಟೋಬರ್‌ನಲ್ಲಿ ಬಂದ ಪುಟ್ಟ ಆನ್‌ಲೈನ್ ಗೇಮ್, ಬೆಲೆ ಸುಮಾರು 5 ಡಾಲರ್. ಬೆಕ್ಕೋ ನಾಯಿಯೋ ಆಗಿ ಕೆರೆದಂಡೆಯಲ್ಲಿ ಗಾಳ ಹಾಕಿ ಕೂರುವುದು, ಪಕ್ಕದಲ್ಲಿದ್ದವರ ಜೊತೆ ಸುಮ್ನೆ ಪಟ್ಟಾಂಗ ಹೊಡೆಯುವುದು, ಗಿಟಾರ್ ಬಾರಿಸುವುದು. ಬೆಂಗಳೂರು, ದುಬೈ ಸೇರಿದ ನನ್ನ ಹಳೆಯ ಗೆಳೆಯರ ಜೊತೆ ಅದನ್ನು ಆಡುತ್ತೇನೆ. ಮೀನಿಗಿಂತ ಮಾತೇ ಜಾಸ್ತಿ. ಆದರೆ ಜೋರು ಮಳೆ ಶುರುವಾದರೆ ನಮ್ಮ ಕಡೆ ನೆಟ್ ಹೋಗುತ್ತದೆ, ನನ್ನ ಬೆಕ್ಕು ಮಾಯವಾಗುತ್ತದೆ, ಆ ಕಡೆಯವರು ಸತ್ತನೋ ಅಂತ ವಾಟ್ಸಾಪ್ ಮಾಡುತ್ತಾರೆ. ‘ಡ್ರೆಜ್’ಗೆ ಒಮ್ಮೆ ಇಳಿಸಿಕೊಂಡರೆ ನೆಟ್ಟಿನ ಹಂಗಿಲ್ಲ. ಕರೆಂಟ್ ಹೋದರೂ ದಕ್ಕೆಗೆ ಬಂದಾಗಲೆಲ್ಲ ತಾನಾಗಿ ಸೇವ್ ಆಗಿರುವುದರಿಂದ ನಷ್ಟ ಕಡಿಮೆ. ಕರಾವಳಿಯ ಮಳೆಗಾಲಕ್ಕೆ ಇದು ಸಣ್ಣ ಗುಣವಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು. ಬಂದಾಗಿನ ಬೆಲೆ 24.99 ಡಾಲರ್. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ವರೆಗೆ ಕಾಯುವ ತಾಳ್ಮೆ ಇದ್ದರೆ ಕಾಯಿರಿ, ಅವಸರದ ಗೇಮ್ ಇದಲ್ಲ. ಕಥೆ ಮಾತ್ರ ಮುಗಿಸಲು ಹತ್ತು ಗಂಟೆ ಸಾಕು. 125ಕ್ಕೂ ಹೆಚ್ಚು ಬಗೆಯ ಮೀನನ್ನು ಪುಸ್ತಕಕ್ಕೆ ಸೇರಿಸುವ ಚಟ ಹತ್ತಿದರೆ ದೇವರೇ ಕಾಪಾಡಬೇಕು. ನನ್ನ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಹೇಳಿಕೊಳ್ಳುವಂಥದ್ದಲ್ಲ, ಸೆಟ್ಟಿಂಗ್ ಸ್ವಲ್ಪ ಇಳಿಸಿದೆ, ಆರಾಮಾಗಿ ಓಡಿತು. ಕನ್ನಡ ಇಲ್ಲ, ಇಂಗ್ಲಿಷ್ ಓದಬೇಕು, ಓದುವುದು ಸ್ವಲ್ಪ ಜಾಸ್ತಿಯೇ ಇದೆ. ಮಕ್ಕಳು ಆಡುವುದಾದರೆ ಪ್ಯಾಸಿವ್ ಮೋಡ್ ಹಾಕಿಕೊಡಿ, ರಾಕ್ಷಸರು ಮೈಮೇಲೆ ಬರುವುದಿಲ್ಲ.

ಡಿಎಲ್‌ಸಿ ಎರಡಿವೆ. ‘ದಿ ಪೇಲ್ ರೀಚ್’ ಹಿಮಗಡ್ಡೆಗಳ ಒಂದು ಮೂಲೆ, ನೋಡಲು ಚೆಂದ, ಎರಡು ಸಂಜೆಗೆ ಖಾಲಿ. ಅದನ್ನು ಬಿಟ್ಟರೂ ನಷ್ಟವಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ‘ದಿ ಐರನ್ ರಿಗ್’ ಬೇರೆ ಮಾತು. ಒಂದು ಕಂಪನಿ ಕಡಲ ನಡುವೆ ಕಬ್ಬಿಣದ ಅಟ್ಟ ಕಟ್ಟಿ ತಳ ಕೊರೆಯಲು ಶುರು ಮಾಡುತ್ತದೆ. ಹಳೆಯ ಜಾಗಗಳಲ್ಲೇ ಕೊಳಕು ಎದ್ದು ಹೊಸ ಮೀನು ಕಾಣಿಸುತ್ತದೆ. ನಾನು ಮೇಲೆ ಗೊಣಗಿದ ಲೆಕ್ಕದಲ್ಲಿ ಒಂದು ಪಾಲನ್ನು ಇದು ತೀರಿಸುತ್ತದೆ. ಆದರೆ ಗೇಮ್ ಮುಗಿಸಿದ ಮೇಲೆ ಕೊಂಡರೆ ಅದು ಕೊಡುವ ಹೊಸ ಸಲಕರಣೆಗಳಿಗೆ ಕೆಲಸವೇ ಇರುವುದಿಲ್ಲ. ಮೊದಲ ಎರಡು ಪ್ರದೇಶ ಆಗುತ್ತಿದ್ದ ಹಾಗೆ ಅದನ್ನೂ ಶುರು ಮಾಡಿಕೊಳ್ಳಿ.